‘ಹೂ’ ಕೂತಲ್ಲಿ ‘ಹಿಮ್’ಗೆ ಜಾಗವಿಲ್ಲ

ನಮ್ಮವರ ಇಂಗ್ಲಿಷ್ ಎಡವುವುದು ಪದ ಸಿಗದೆ ಅಲ್ಲ. ಚಿಕ್ಕ ವಾಕ್ಯಗಳನ್ನು ಸರಾಗವಾಗಿ ಹೇಳುವವರೇ ಎರಡು ವಾಕ್ಯಗಳನ್ನು ಒಂದಕ್ಕೊಂದು ಹೊಂದಿಸುವ ಹೊತ್ತಿಗೆ ತಡವರಿಸುತ್ತಾರೆ. ‘ದಿ ಮ್ಯಾನೇಜರ್ ಹೂ ಐ ಮೆಟ್ ಹಿಮ್’ ಅನ್ನುತ್ತಾರೆ. ‘ಆಲ್ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್’ ಅನ್ನುತ್ತಾರೆ. ‘ಐ ಡೋಂಟ್ ನೋ ದಟ್ ವೇರ್ ಈಸ್ ಹೀ’ ಅನ್ನುತ್ತಾರೆ. ಮೂರರಲ್ಲೂ ಬಳಸಿದ ಪದಗಳೆಲ್ಲ ಸರಿಯಾದವೇ. ಜೋಡಣೆ ಮಾತ್ರ ತಪ್ಪಿದೆ.

ಇದರಲ್ಲಿ ಕಲಿತವರ ತಪ್ಪಿಗಿಂತ ಕಲಿಸುವ ಕ್ರಮದ ತಪ್ಪೇ ಹೆಚ್ಚು ಎಂದು ನನ್ನ ಅನಿಸಿಕೆ. ನಮ್ಮಲ್ಲಿ ತಲೆಮಾರುಗಳಿಂದ ಓದುತ್ತ ಬಂದಿರುವ ರೆನ್ ಅಂಡ್ ಮಾರ್ಟಿನ್ ವ್ಯಾಕರಣವನ್ನೇ ತೆರೆದು ನೋಡಿ. ಸರ್ವನಾಮಗಳದ್ದು ಒಂದು ಪಾಠ, ಕಂಜಂಕ್ಷನ್‌ಗಳದ್ದು ಬಹಳ ಪುಟಗಳಾಚೆ ಇನ್ನೊಂದು ಪಾಠ. ಪರೀಕ್ಷೆಗೆ ಅದು ಅನುಕೂಲ. ಆದರೆ ಮಿಶ್ರವಾಕ್ಯದಲ್ಲಿ, ಅಂದರೆ ಒಂದು ಪ್ರಧಾನ ವಾಕ್ಯ ಮತ್ತು ಅದರ ಆಸರೆಯಲ್ಲಿ ನಿಂತ ಅಧೀನ ವಾಕ್ಯ ಸೇರುವ ಕಡೆ, ಈ ಎರಡೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ತೊಡಕು ಹುಟ್ಟುವುದು ಅಲ್ಲೇ.

ಕನ್ನಡದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ? ‘ಹುಡುಗ ನಿನ್ನೆ ಬಂದ’ ಎಂಬ ವಾಕ್ಯವನ್ನು ಹುಡುಗನಿಗೆ ವಿಶೇಷಣ ಮಾಡಬೇಕೆಂದರೆ ‘ನಿನ್ನೆ ಬಂದ ಹುಡುಗ’ ಎನ್ನುತ್ತೇವೆ, ಮುಗಿಯಿತು. ಜೋಡಿಸುವ ಪದವೂ ಬೇಡ, ಸರ್ವನಾಮವೂ ಬೇಡ. ಕ್ರಿಯಾಪದವೇ ಕೃದಂತವಾಗಿ ನಾಮಪದದ ಮುಂದೆ ನಿಲ್ಲುತ್ತದೆ. ಇಂಗ್ಲಿಷ್ ಅದನ್ನೇ ತಿರುಗಿಸಿ ಹೇಳುತ್ತದೆ: ‘ದಿ ಬಾಯ್ ಹೂ ಕೇಮ್ ಯೆಸ್ಟರ್‌ಡೇ’. ಹುಡುಗ ಮೊದಲು, ವಿವರಣೆ ಆಮೇಲೆ, ನಡುವೆ ಒಂದು ‘ಹೂ’. ಈ ‘ಹೂ’ ಮಾಡುವ ಕೆಲಸ ಎರಡು. ವಾಕ್ಯಗಳನ್ನು ಕೂಡಿಸುವುದು ಒಂದು. ತಾನೇ ‘ಕೇಮ್’ ಎಂಬ ಕ್ರಿಯೆಯ ಕರ್ತೃವಾಗಿ ನಿಲ್ಲುವುದು ಇನ್ನೊಂದು. ಈ ಎರಡನೆಯ ಕೆಲಸವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಿಂದಲೇ ‘ಹೂ ಹೀ ಕೇಮ್’ ಹುಟ್ಟುತ್ತದೆ.

ಹಾಗಾಗಿ ಇಂಗ್ಲಿಷಿನ ಕೊಂಡಿ ಪದಗಳನ್ನು ಮೊದಲು ಎರಡು ಪಾಲು ಮಾಡಿಕೊಳ್ಳಬೇಕು. ಬಸ್ಸಿನಲ್ಲಿ ಎರಡು ಬಗೆಯ ಜನ ಇರುತ್ತಾರಲ್ಲ, ಹಾಗೆ. ಕಂಡಕ್ಟರ್ ಬಸ್ಸು ನಡೆಯಲು ಬೇಕು, ಆದರೆ ಪ್ರಯಾಣಿಕರ ಸೀಟಿನ ಲೆಕ್ಕದಲ್ಲಿ ಅವನಿಲ್ಲ. ಪ್ರಯಾಣಿಕ ಸೀಟು ಹಿಡಿದು ಕೂರುತ್ತಾನೆ. ಅವನು ಕೂತ ಸೀಟಿನಲ್ಲಿ ಇನ್ನೊಬ್ಬ ಕೂರುವಂತಿಲ್ಲ. ಬಿಕಾಸ್, ಇಫ್, ಆಲ್ದೋ, ವೆದರ್, ಅನ್‌ಟಿಲ್ ಮುಂತಾದವು ಕಂಡಕ್ಟರ್ ಜಾತಿ. ಅವು ಬಂದರೂ ಅವುಗಳ ನಂತರದ ವಾಕ್ಯದ ಕರ್ತೃ, ಕರ್ಮ ಎಲ್ಲ ತಂತಮ್ಮ ಜಾಗದಲ್ಲಿ ಪೂರ್ತಿ ಇರಬೇಕು: ‘ಬಿಕಾಸ್ ಹೀ ಕೇಮ್’, ‘ಇಫ್ ಐ ಮೀಟ್ ಹಿಮ್’. ಹೂ, ಹೂಮ್, ವಿಚ್, ವಾಟ್ ಪ್ರಯಾಣಿಕ ಜಾತಿ. ಅವು ಬಂದ ವಾಕ್ಯದಲ್ಲಿ ಒಂದು ಸೀಟನ್ನು ಅವೇ ಹಿಡಿದಿರುತ್ತವೆ. ‘ದಿ ಮ್ಯಾನೇಜರ್ ಹೂ ಐ ಮೆಟ್’ ಎಂದಾಗ ‘ಮೆಟ್’ನ ಕರ್ಮ ಯಾರು? ‘ಹೂ’. ಹಾಗಿದ್ದ ಮೇಲೆ ‘ಹಿಮ್’ಗೆ ಸೀಟಿಲ್ಲ.

ಬರೆದ ವಾಕ್ಯವನ್ನು ಪರೀಕ್ಷಿಸುವುದು ಸುಲಭ. ಕೊಂಡಿ ಪದವನ್ನು ಬೆರಳಿನಿಂದ ಮುಚ್ಚಿ, ಆಮೇಲಿನ ಭಾಗವನ್ನು ಮಾತ್ರ ಓದಿ. ‘ಐ ಮೆಟ್ ಹಿಮ್’ ಎಂದು ಪೂರ್ತಿ ವಾಕ್ಯ ಉಳಿದರೆ ಅಲ್ಲಿ ‘ಹೂ’ಗೆ ಕೆಲಸವಿಲ್ಲ. ‘ಐ ಮೆಟ್’ ಎಂದು ಕೊರತೆಯ ವಾಕ್ಯ ಉಳಿದರೆ ಆ ಕೊರತೆಯನ್ನು ‘ಹೂ’ ತುಂಬಿದೆ ಎಂದರ್ಥ. ‘ಬಿಕಾಸ್’ ವಿಷಯದಲ್ಲಿ ಇದು ತಿರುಗುಮುರುಗು: ಮುಚ್ಚಿ ಓದಿದಾಗ ಪೂರ್ತಿ ವಾಕ್ಯ ಸಿಗಲೇಬೇಕು. ಕನ್ನಡದಲ್ಲಿ ‘ಮಳೆ ಇತ್ತು, ಅದಕ್ಕೇ ಬರಲಿಲ್ಲ’ ಎಂದರೆ ಸಾಕು; ಬಾರದವನು ನಾನೋ ಅವನೋ ಎಂಬುದು ಸಂದರ್ಭದಿಂದ ತಿಳಿಯುತ್ತದೆ. ‘ಬಂದೆ’ ಎಂಬ ಒಂದೇ ಪದದಲ್ಲಿ ‘ನಾನು’ ಅಡಗಿದೆ. ಇಂಗ್ಲಿಷ್ ಕ್ರಿಯಾಪದದಲ್ಲಿ ಅಂಥ ಗಂಟಿಲ್ಲ. ‘ಬಿಕಾಸ್ ವಾಸ್ ರೇನಿಂಗ್’ ಎಂದು ಹೇಳುವಂತಿಲ್ಲ. ಮಳೆ ಸುರಿಸುವವರು ಯಾರೂ ಇಲ್ಲದಿದ್ದರೂ ಅಲ್ಲಿ ಒಂದು ‘ಇಟ್’ ತಂದು ಕೂರಿಸಬೇಕು.

ಅಂದಹಾಗೆ, ‘ಹೂ ಐ ಮೆಟ್ ಹಿಮ್’ ಎಂಬಂಥ ಜೋಡಣೆ ಮನುಷ್ಯ ಭಾಷೆಗೆ ಅಸಹಜವೇನಲ್ಲ. ಅರಬ್ಬಿಯಲ್ಲಿ ‘ನಾನು ಅವನನ್ನು ಕಂಡ ಆ ಮನುಷ್ಯ’ ಎಂಬ ರೀತಿಯಲ್ಲಿ ಸರ್ವನಾಮವನ್ನು ಉಳಿಸಿಕೊಳ್ಳುವುದೇ ಕ್ರಮ. ನಮ್ಮಲ್ಲೂ ‘ಯಾರು ದುಡಿಯುತ್ತಾರೋ ಅವರು ಉಣ್ಣುತ್ತಾರೆ’ ಎಂಬ ಜೋಡಿ ಉಂಟು. ಅಲ್ಲಿ ‘ಯಾರು’ ಬಂದರೆ ‘ಅವರು’ ಬರಲೇಬೇಕು. ಆ ರೂಢಿಯನ್ನು ಹಾಗೇ ಎತ್ತಿಕೊಂಡು ಇಂಗ್ಲಿಷಿಗೆ ಹೋದರೆ ‘ಹೂ ವರ್ಕ್ಸ್, ದೇ ಈಟ್’ ಆಗುತ್ತದೆ. ‘ದೋಸ್ ಹೂ ವರ್ಕ್ ಈಟ್’ ಎಂದು ‘ಅವರು’ ಮುಂದೆ ಬಂದು, ‘ಯಾರು’ ಹಿಂದೆ ನಿಂತರೆ ಸರಿಹೋಗುತ್ತದೆ.

ಇನ್ನು ‘ದಟ್’. ಇದು ಎರಡು ಜಾತಿಗೂ ಸೇರಿದಂತೆ ಕಾಣುವ ಪದ, ಆದ್ದರಿಂದಲೇ ಹೆಚ್ಚು ಗೊಂದಲ. ಈ ಎರಡು ವಾಕ್ಯ ನೋಡಿ. ‘ದಿ ನ್ಯೂಸ್ ದಟ್ ಹೀ ಬ್ರಾಟ್ ವಾಸ್ ಫಾಲ್ಸ್.’ ‘ದಿ ನ್ಯೂಸ್ ದಟ್ ಹೀ ಹ್ಯಾಡ್ ರಿಸೈನ್ಡ್ ವಾಸ್ ಫಾಲ್ಸ್.’ ಹೊರಗಿನಿಂದ ಎರಡೂ ಒಂದೇ ಅಚ್ಚು. ಮೊದಲನೆಯದರಲ್ಲಿ ‘ಹೀ ಬ್ರಾಟ್’ ಎಂಬುದಕ್ಕೆ ಕರ್ಮದ ಕೊರತೆಯಿದೆ, ಎರಡನೆಯದರಲ್ಲಿ ‘ಹೀ ಹ್ಯಾಡ್ ರಿಸೈನ್ಡ್’ ತಾನೇ ಪೂರ್ಣ. ಮೊದಲನೆಯದರಲ್ಲಿ ‘ದಟ್’ ಬದಲು ‘ವಿಚ್’ ಹಾಕಬಹುದು, ಎರಡನೆಯದರಲ್ಲಿ ಹಾಕಿದರೆ ತಪ್ಪು. ಇಂಗ್ಲಿಷ್ ಮನೆಮಾತಿನವರಿಗೂ ಇದನ್ನು ವಿವರಿಸಲು ಕಷ್ಟ. ಕನ್ನಡಿಗರಿಗೆ ಮಾತ್ರ ಇದರ ಕೀಲಿಕೈ ಹುಟ್ಟಿನಿಂದಲೇ ಕೈಯಲ್ಲಿದೆ. ಮೊದಲನೆಯದು ‘ಅವನು ತಂದ ಸುದ್ದಿ’. ಎರಡನೆಯದು ‘ಅವನು ರಾಜೀನಾಮೆ ಕೊಟ್ಟನೆಂಬ ಸುದ್ದಿ’. ಎಲ್ಲಿ ‘ಎಂಬ’ ಅಥವಾ ‘ಅನ್ನೋ’ ಬರುತ್ತದೋ ಅಲ್ಲಿ ‘ದಟ್’ ಬರೀ ಕೊಂಡಿ, ‘ವಿಚ್’ಗೆ ಪ್ರವೇಶವಿಲ್ಲ. ಎಲ್ಲಿ ಬರೀ ಕೃದಂತ ಸಾಕಾಗುತ್ತದೋ ಅಲ್ಲಿ ‘ದಟ್’ ಅಥವಾ ‘ವಿಚ್’ ಯಾವುದಾದರೂ ನಡೆಯುತ್ತದೆ. ‘ದಿ ಫ್ಯಾಕ್ಟ್ ವಿಚ್ ಹೀ ಈಸ್ ಇಲ್’ ಎಂದು ಬರೆಯಲು ಕೈ ಹೋದಾಗ ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ: ಅವನಿಗೆ ಹುಷಾರಿಲ್ಲ ಎಂಬ ಸಂಗತಿ. ‘ಎಂಬ’ ಬಂತು, ‘ದಟ್’ ಹಾಕಿ.

ಇಂಥದೇ ಇನ್ನೊಂದು ಕೀಲಿಕೈ ‘ವಾಟ್’ಗೆ ಇದೆ. ‘ನೀನು ಹೇಳಿದ್ದು ಸರಿ’, ‘ನೀನು ಹೇಳಿದ ಮಾತು ಸರಿ’. ‘ಹೇಳಿದ್ದು’ ಎಂಬಲ್ಲಿ ನಾಮಪದವೂ ಒಳಗೇ ಸೇರಿಕೊಂಡಿದೆ. ಅದಕ್ಕೆ ಸರಿಯಾದದ್ದು ‘ವಾಟ್ ಯೂ ಸೆಡ್’. ‘ಹೇಳಿದ ಮಾತು’ ಎಂದು ನಾಮಪದ ಹೊರಗೆ ನಿಂತರೆ ‘ದಿ ಥಿಂಗ್ ದಟ್ ಯೂ ಸೆಡ್’. ‘ದಿ ಥಿಂಗ್ ವಾಟ್’, ‘ಆಲ್ ವಾಟ್’ ಎಂಬವು ಎರಡನ್ನೂ ಕಲಸಿದ ಚಿತ್ರಾನ್ನ.

‘ದಟ್’ ನಿಜವಾಗಿ ಯಾವ ಜಾತಿ ಎಂಬುದರ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ. 1985ರಲ್ಲಿ ಬಂದ ರ‍್ಯಾಂಡಲ್ಫ್ ಕ್ವರ್ಕ್ ಮತ್ತು ಸಂಗಡಿಗರ ದೊಡ್ಡ ಇಂಗ್ಲಿಷ್ ವ್ಯಾಕರಣ ‘ಅವನು ತಂದ’ ಎಂಬ ಬಗೆಯ ವಾಕ್ಯದ ‘ದಟ್’ ಅನ್ನು ಸರ್ವನಾಮದ ಪಟ್ಟಿಗೆ ಸೇರಿಸಿತು. 2002ರ ಕೇಂಬ್ರಿಜ್ ವ್ಯಾಕರಣದಲ್ಲಿ ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲಮ್ ಅದನ್ನು ಒಪ್ಪಲಿಲ್ಲ. ಎಲ್ಲಿದ್ದರೂ ‘ದಟ್’ ಬರೀ ಕೊಂಡಿಯೇ, ಕೊರತೆಯ ಜಾಗ ಖಾಲಿಯೇ ಉಳಿದಿರುತ್ತದೆ ಎಂದರು. ಅವರ ಪಕ್ಷಕ್ಕೆ ಬಲ ಕೊಡುವ ಸಂಗತಿಗಳಿವೆ. ‘ಇನ್ ವಿಚ್’ ಎನ್ನಬಹುದು, ಅದೇ ಅರ್ಥದಲ್ಲಿ ‘ಇನ್ ದಟ್’ ಎನ್ನಲಾಗದು. ‘ಹೂ’ಗೆ ‘ಹೂಮ್’, ‘ಹೂಸ್’ ಎಂಬ ವಿಭಕ್ತಿ ರೂಪಗಳಿವೆ, ‘ದಟ್’ಗೆ ಇಲ್ಲ. ನನಗೆ ಕೇಂಬ್ರಿಜ್ ಪಕ್ಷವೇ ಸರಿ ಕಾಣುತ್ತದೆ. ಆದರೆ ವಾಕ್ಯ ಬರೆಯುವವರಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ: ಸೀಟು ತುಂಬಿದೆ ಎಂದುಕೊಂಡರೂ, ಕಾದಿರಿಸಿದ್ದರಿಂದ ಖಾಲಿ ಇದೆ ಎಂದುಕೊಂಡರೂ, ಅಲ್ಲಿ ‘ಹಿಮ್’ ಕೂರುವಂತಿಲ್ಲ.

ಇತಿಹಾಸ ನೋಡಿದರೆ ಈ ಗೊಂದಲಕ್ಕೆ ಕಾರಣ ತಿಳಿಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಹೂ’, ‘ವಿಚ್’ಗಳ ಮೂಲರೂಪಗಳು ಪ್ರಶ್ನೆ ಕೇಳುವ ಪದಗಳಾಗಿದ್ದವು, ಇಂದಿನ ಈ ಕೆಲಸಕ್ಕೆ ಬರುತ್ತಿರಲಿಲ್ಲ. ‘ಅದು’ ಎಂದು ತೋರಿಸುವ ಪದದಿಂದ ಬಂದ ‘ದಟ್’ ಹಳೆಯ ಕೊಂಡಿ. ಪ್ರಶ್ನೆಪದಗಳು ಮಧ್ಯಯುಗದಲ್ಲಿ ಒಂದೊಂದಾಗಿ ಈ ಕೆಲಸಕ್ಕೆ ಇಳಿದವು. ಮನುಷ್ಯರಿಗೆ ‘ಹೂ’, ವಸ್ತುಗಳಿಗೆ ‘ವಿಚ್’ ಎಂಬ ಹಂಚಿಕೆ ಗಟ್ಟಿಯಾದದ್ದು ಇನ್ನೂ ತಡವಾಗಿ. 1611ರ ಇಂಗ್ಲಿಷ್ ಬೈಬಲಿನ ಪ್ರಾರ್ಥನೆಯಲ್ಲಿ ದೇವರಿಗೇ ‘ವಿಚ್’ ಬಳಸಿದ್ದಾರೆ.

ಕನ್ನಡದ ಕೃದಂತ ಎಷ್ಟು ಚೊಕ್ಕವೋ ಅಷ್ಟೇ ಮೌನಿ. ಅದು ನಾಮಪದಕ್ಕೂ ಕ್ರಿಯೆಗೂ ಇರುವ ಸಂಬಂಧ ಯಾವುದೆಂದು ಹೇಳುವುದೇ ಇಲ್ಲ. ‘ನಾನು ಬರೆದ ಪತ್ರ’, ‘ನಾನು ಬರೆದ ಪೆನ್ನು’. ರೂಪ ಒಂದೇ, ಆದರೆ ಪತ್ರ ಬರೆದದ್ದು, ಪೆನ್ನಿನಿಂದ ಬರೆದದ್ದು. ‘ನಾನು ನೋಡಿದ ಊರು’, ‘ನಾನು ಹುಟ್ಟಿದ ಊರು’, ‘ನಾವು ಬಂದ ಬಸ್ಸು’, ‘ಕೈ ತೊಳೆದ ನೀರು’: ಎಲ್ಲವೂ ಅರ್ಥವಾಗುತ್ತವೆ, ಏಕೆಂದರೆ ಲೋಕಜ್ಞಾನ ನಮಗಿದೆ. ಇಂಗ್ಲಿಷ್ ಲೋಕಜ್ಞಾನವನ್ನು ನಂಬಿ ಕೂರುವುದಿಲ್ಲ, ಸಂಬಂಧವನ್ನು ಬಾಯಿಬಿಟ್ಟು ಹೇಳಿಸುತ್ತದೆ. ‘ದಿ ಲೆಟರ್ ಐ ರೋಟ್’, ಆದರೆ ‘ದಿ ಪೆನ್ ಐ ರೋಟ್ ವಿತ್’. ‘ದಿ ಬಸ್ ವಿ ಕೇಮ್’ ಎಂದರೆ ಕೇಳಿದವರು ಇನ್ನೂ ಏನೋ ಬರಲಿದೆ ಎಂದು ಕಾಯುತ್ತಾರೆ. ‘ಇನ್’ ಬಂದರೆ ಸಮಾಧಾನ. ಈ ಪ್ರಿಪೊಸಿಷನ್ ಕೊನೆಯಲ್ಲಿ ನಿಲ್ಲಬಹುದು, ಅಥವಾ ‘ಇನ್ ವಿಚ್ ವಿ ಕೇಮ್’ ಎಂದು ಮುಂದೆ ಬರಬಹುದು. ಕೊನೆಯಲ್ಲಿ ನಿಲ್ಲಿಸುವುದು ಕೀಳು ಇಂಗ್ಲಿಷ್ ಎಂದು ಶಾಲೆಯಲ್ಲಿ ಹೆದರಿಸಿದ್ದರೆ ಅದನ್ನು ಮರೆತುಬಿಡಿ. ಎರಡು ಕಡೆಯೂ ಹಾಕಿ ‘ಇನ್ ವಿಚ್ ವಿ ಕೇಮ್ ಇನ್’ ಎನ್ನುವುದು ಮಾತ್ರ ತಪ್ಪು.

‘ವೇರ್’ ಎಂಬುದರ ಹೊಟ್ಟೆಯಲ್ಲಿ ಆ ‘ಇನ್’ ಮೊದಲೇ ಇದೆ. ಆದ್ದರಿಂದ ‘ದಿ ಟೌನ್ ವೇರ್ ಐ ವಾಸ್ ಬಾರ್ನ್’ ಸರಿ, ಅದಕ್ಕೆ ಮತ್ತೆ ‘ಇನ್’ ಸೇರಿಸುವುದು ಬೇಡ. ‘ದಿ ಟೌನ್ ವೇರ್ ಐ ವಿಸಿಟೆಡ್’ ತಪ್ಪು, ಏಕೆಂದರೆ ‘ವಿಸಿಟ್’ ನೇರವಾಗಿ ಕರ್ಮ ಕೇಳುವ ಕ್ರಿಯಾಪದ. ಅಲ್ಲಿ ಬೇಕಾದ್ದು ‘ವಿಚ್’. ಊರು ಕಂಡ ಕೂಡಲೇ ‘ವೇರ್’ ಹಾಕುವ ಚಾಳಿ ಬಿಡಬೇಕು. ನೋಡಬೇಕಾದ್ದು ಊರನ್ನಲ್ಲ, ಅಧೀನ ವಾಕ್ಯದ ಕ್ರಿಯಾಪದವನ್ನು.

ಹೂ–ಹೂಮ್ ಜಗಳಕ್ಕೂ ಇದೇ ಮದ್ದು: ರೂಪವನ್ನು ನಿರ್ಧರಿಸುವುದು ಅಧೀನ ವಾಕ್ಯದ ಒಳಗಿನ ಕೆಲಸ, ಹೊರಗಿನ ನೆರೆಹೊರೆಯಲ್ಲ. ‘ಗಿವ್ ಇಟ್ ಟು ಹೂಯೆವರ್ ಕಮ್ಸ್ ಫಸ್ಟ್’ ಎಂಬಲ್ಲಿ ‘ಟು’ ಕಂಡ ಕೂಡಲೇ ಓದಿದವರು ‘ಹೂಮೆವರ್’ ಮಾಡುತ್ತಾರೆ. ಒಳಗೆ ‘ಕಮ್ಸ್’ಗೆ ಕರ್ತೃ ಬೇಕು, ಆದ್ದರಿಂದ ‘ಹೂಯೆವರ್’ ಸರಿ. ‘ದಿ ಮ್ಯಾನ್ ಹೂ ಐ ಥಿಂಕ್ ಈಸ್ ದಿ ಓನರ್’ ಎಂಬಲ್ಲೂ ಹಾಗೇ. ‘ಐ ಥಿಂಕ್’ ಕಿತ್ತುಹಾಕಿ ಓದಿದರೆ ‘ಹೂ ಈಸ್ ದಿ ಓನರ್’ ಎಂದು ಬರಿಗಣ್ಣಿಗೇ ಕಾಣುತ್ತದೆ. ‘ಹೂಸ್’ ಬಗ್ಗೆ ಒಂದು ಮಾತು. ‘ಮಗಳು ಡಾಕ್ಟರಾಗಿರುವ ಮೇಷ್ಟ್ರು’ ಎಂದು ಕನ್ನಡ ಸಲೀಸಾಗಿ ಹೇಳುವುದನ್ನು ಇಂಗ್ಲಿಷಿನಲ್ಲಿ ‘ಹೂ ಹಿಸ್ ಡಾಟರ್’ ಎಂದು ಎರಡು ಪದದಲ್ಲಿ ಹೇಳಬಾರದು. ‘ಹೂಸ್ ಡಾಟರ್’ ಸಾಕು. ಮನೆ, ಪುಸ್ತಕಗಳಂಥ ನಿರ್ಜೀವ ವಸ್ತುಗಳಿಗೂ ‘ಹೂಸ್’ ನಡೆಯುತ್ತದೆ, ಅನುಮಾನ ಬೇಡ.

ಕೊಂಡಿ ಪದವನ್ನೇ ಬಿಡುವುದೂ ಉಂಟು. ಅದು ಕರ್ಮದ ಸೀಟಿನಲ್ಲಿದ್ದರೆ ಬಿಡಬಹುದು: ‘ದಿ ಬಾಯ್ ಐ ಮೆಟ್’. ಕರ್ತೃವಿನ ಸೀಟಿನಲ್ಲಿದ್ದರೆ ಬಿಡುವಂತಿಲ್ಲ: ‘ದಿ ಬಾಯ್ ಕೇಮ್ ಯೆಸ್ಟರ್‌ಡೇ ಈಸ್ ಮೈ ಕಸಿನ್’ ಎಂದರೆ ಕೇಳುವವನು ‘ಕೇಮ್’ ಎಂಬುದನ್ನೇ ಪ್ರಧಾನ ಕ್ರಿಯೆ ಎಂದುಕೊಂಡು ‘ಈಸ್’ ಬಂದಾಗ ದಾರಿ ತಪ್ಪುತ್ತಾನೆ.

ಒಂದು ಜೋಡಣೆಗೆ ಎರಡು ಕೊಂಡಿ ಹಾಕುವ ಅಭ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಮಳೆ ಬಂದರೂ ಹೋದೆವು’ ಎಂಬಲ್ಲಿ ‘-ರೂ’ ಒಂದೇ ಇದೆ. ‘ಆಲ್ದೋ’ ಇದ್ದರೆ ‘ಬಟ್’ ಬೇಡ, ‘ಆಸ್’ ಅಥವಾ ‘ಸಿನ್ಸ್’ ಇದ್ದರೆ ‘ಸೋ’ ಬೇಡ.

‘ಐ ಡೋಂಟ್ ನೋ ದಟ್ ವೇರ್ ಈಸ್ ಹೀ’ ಎಂಬುದರ ಹಿಂದೆ ನಿಂತಿರುವುದು ನಮ್ಮ ‘ಅಂತ’. ‘ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ.’ ಕನ್ನಡದ ‘ಅಂತ’ ಹೇಳಿಕೆಯನ್ನೂ ಹಿಡಿಯುತ್ತದೆ, ಪ್ರಶ್ನೆಯನ್ನೂ ಹಿಡಿಯುತ್ತದೆ. ಇಂಗ್ಲಿಷಿನ ‘ದಟ್’ ಹೇಳಿಕೆಗೆ ಮಾತ್ರ. ಒಳಗೆ ಪ್ರಶ್ನೆಪದ ಇದ್ದರೆ ಅದೇ ಕೊಂಡಿ, ಇಲ್ಲದಿದ್ದರೆ ‘ಇಫ್’ ಅಥವಾ ‘ವೆದರ್’. ಜೊತೆಗೆ ಪ್ರಶ್ನೆ ಅಧೀನವಾದ ಕೂಡಲೇ ಅದರ ಪದಕ್ರಮ ಸಾಧಾರಣ ವಾಕ್ಯದ್ದಾಗುತ್ತದೆ: ‘ವೇರ್ ಹೀ ಈಸ್’.

‘ಅಂತ’ ಇನ್ನೊಂದು ಕಡೆಯೂ ಕಾಡುತ್ತದೆ, ಅದು ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅಲ್ಲಿ ವ್ಯಾಕರಣ ಸರಿಯಿದ್ದೂ ಅರ್ಥ ಕೆಡುತ್ತದೆ. ‘ರವಿ ನಾನು ಬರ್ತೀನಿ ಅಂತ ಹೇಳಿದ’ ಎಂದರೆ ನಮ್ಮಲ್ಲಿ ಬರುವವನು ರವಿಯೇ. ಅವನ ಮಾತನ್ನು ಅವನ ಬಾಯಿಯ ‘ನಾನು’ ಸಮೇತ ಎತ್ತಿ ಇಡುತ್ತೇವೆ. ‘ರವಿ ಸೆಡ್ ದಟ್ ಐ ವುಡ್ ಕಮ್’ ಎಂದರೆ ಬರುವವರು ನೀವು. ‘ದಟ್’ ಬಂದ ಮೇಲೆ ಸರ್ವನಾಮಗಳೆಲ್ಲ ಈಗ ಮಾತಾಡುತ್ತಿರುವವರ ನೆಲೆಯಿಂದ ಎಣಿಸಲ್ಪಡುತ್ತವೆ. ಕೆಲಸದ ಇ-ಮೇಲ್‌ನಲ್ಲಿ ಈ ಒಂದು ತಪ್ಪು ಯಾರು ಯಾವ ಕೆಲಸ ಒಪ್ಪಿಕೊಂಡರು ಎಂಬುದನ್ನೇ ಅದಲುಬದಲು ಮಾಡಬಲ್ಲದು.

ಇಲ್ಲಿ ಇಂಗ್ಲಿಷಿನ ಬಡತನವನ್ನೂ ಹೇಳಬೇಕು. ‘ರವಿ ಸುರೇಶನಿಗೆ ತಾನು ಗೆದ್ದೆನೆಂದು ಹೇಳಿದ’ ಎಂದರೆ ಗೆದ್ದವನು ರವಿ, ‘ಅವನು ಗೆದ್ದನೆಂದು’ ಎಂದರೆ ಬೇರೆಯವನು. ‘ತಾನು’ ಅಧೀನ ವಾಕ್ಯದೊಳಗಿಂದ ಹೊರಗಿನ ಕರ್ತೃವಿಗೆ ಬೊಟ್ಟು ಮಾಡುತ್ತದೆ. ಇಂಗ್ಲಿಷಿಗೆ ಅಂಥ ಪದವಿಲ್ಲ. ‘ರವಿ ಟೋಲ್ಡ್ ಸುರೇಶ್ ದಟ್ ಹೀ ಹ್ಯಾಡ್ ವನ್’ ಎಂಬ ವಾಕ್ಯದ ‘ಹೀ’ ರವಿಯೂ ಆಗಬಹುದು, ಸುರೇಶನೂ ಆಗಬಹುದು, ಮೂರನೆಯವನೂ ಆಗಬಹುದು. ಇದಕ್ಕೆ ವ್ಯಾಕರಣದಲ್ಲಿ ಪರಿಹಾರವಿಲ್ಲ. ಹೆಸರನ್ನೇ ಮತ್ತೊಮ್ಮೆ ಬರೆಯಿರಿ, ಅಥವಾ ವಾಕ್ಯವನ್ನು ಒಡೆಯಿರಿ.

ಸರ್ವನಾಮ ಹೆಸರಿಗಿಂತ ಮೊದಲೇ ಬರಬಹುದೇ? ಇಂಗ್ಲಿಷ್ ಒಂದು ಷರತ್ತಿನ ಮೇಲೆ ಒಪ್ಪುತ್ತದೆ. ‘ವೆನ್ ಹೀ ಕೇಮ್ ಹೋಮ್, ರವಿ ವಾಸ್ ಟಯರ್ಡ್’ ಎಂಬಲ್ಲಿ ‘ಹೀ’ ರವಿಯೇ ಇರಬಹುದು, ಏಕೆಂದರೆ ‘ಹೀ’ ಅಧೀನ ವಾಕ್ಯದಲ್ಲಿದೆ. ಅದನ್ನೇ ‘ಹೀ ವಾಸ್ ಟಯರ್ಡ್ ವೆನ್ ರವಿ ಕೇಮ್ ಹೋಮ್’ ಎಂದು ಬರೆದರೆ ಸುಸ್ತಾದವನು ಬೇರೆ ಯಾರೋ. ಪ್ರಧಾನ ವಾಕ್ಯದ ಸರ್ವನಾಮ ತನ್ನ ಹಿಂದೆ ಬರುವ ಅಧೀನ ವಾಕ್ಯದ ಹೆಸರನ್ನು ಕಾದು ನಿಲ್ಲುವುದಿಲ್ಲ.

ಸರ್ವನಾಮ ಬಿಟ್ಟು ಅಧೀನ ವಾಕ್ಯವನ್ನು ಚಿಕ್ಕದು ಮಾಡುವಾಗಲೂ ಎಚ್ಚರ ಬೇಕು. ‘ಬಸ್‌ಸ್ಟ್ಯಾಂಡಿಗೆ ಹೋಗುವಾಗ ಮಳೆ ಹಿಡಿಯಿತು’ ಎಂಬುದರಲ್ಲಿ ತಪ್ಪೇನೂ ಇಲ್ಲ. ‘-ವಾಗ’ ಎರಡು ಬೇರೆ ಬೇರೆ ಕರ್ತೃಗಳನ್ನು ಸಹಿಸುತ್ತದೆ. ‘ವೈಲ್ ಗೋಯಿಂಗ್ ಟು ದಿ ಬಸ್ ಸ್ಟ್ಯಾಂಡ್, ದಿ ರೇನ್ ಸ್ಟಾರ್ಟೆಡ್’ ಎಂದು ಬರೆದರೆ ಬಸ್‌ಸ್ಟ್ಯಾಂಡಿಗೆ ಹೊರಟದ್ದು ಮಳೆಯೇ ಆಗುತ್ತದೆ. ಕರ್ತೃಗಳು ಬೇರೆಯಾದರೆ ‘ವೈಲ್ ಐ ವಾಸ್ ಗೋಯಿಂಗ್’ ಎಂದು ‘ಐ’ಯನ್ನು ಬಾಯಿಬಿಟ್ಟು ಹೇಳಿ.

ಉಳಿದದ್ದು ಅಲ್ಪವಿರಾಮ. ಚಿಕ್ಕ ಗುರುತು, ಆದರೆ ಸಂಬಳದ ಲೆಕ್ಕಕ್ಕೆ ಬರುವಂಥದ್ದು. ಕಚೇರಿಯ ಸೂಚನೆಯಲ್ಲಿ ‘ಎಂಪ್ಲಾಯೀಸ್ ಹೂ ಕೇಮ್ ಲೇಟ್ ವಿಲ್ ಲೂಸ್ ಪೇ’ ಎಂದಿದ್ದರೆ ತಡವಾಗಿ ಬಂದವರಿಗಷ್ಟೇ ಕಡಿತ. ‘ಎಂಪ್ಲಾಯೀಸ್, ಹೂ ಕೇಮ್ ಲೇಟ್, ವಿಲ್ ಲೂಸ್ ಪೇ’ ಎಂದು ಎರಡು ಅಲ್ಪವಿರಾಮ ಬಿದ್ದರೆ ಎಲ್ಲರೂ ತಡವಾಗಿ ಬಂದಿದ್ದಾರೆ, ಎಲ್ಲರಿಗೂ ಕಡಿತ. ಕನ್ನಡದ ‘ಮೈಸೂರಿನಲ್ಲಿರುವ ನನ್ನ ತಮ್ಮ’ ಎಂಬ ಮಾತು ತಮ್ಮಂದಿರು ಒಬ್ಬರೋ ನಾಲ್ವರೋ ಎಂಬುದನ್ನು ಬಿಟ್ಟುಕೊಡುವುದಿಲ್ಲ. ಇಂಗ್ಲಿಷ್ ಬರಹದಲ್ಲಿ ಆ ಗುಟ್ಟು ಅಲ್ಪವಿರಾಮದಿಂದ ಬಯಲಾಗುತ್ತದೆ. ಅಲ್ಪವಿರಾಮದ ನಂತರ ‘ದಟ್’ ಸಲ್ಲದು, ‘ಹೂ’ ಅಥವಾ ‘ವಿಚ್’ ಬೇಕು. ಅಲ್ಪವಿರಾಮ ಇಲ್ಲದ ಕಡೆ ‘ವಿಚ್’ ಬಿಟ್ಟು ‘ದಟ್’ ಮಾತ್ರ ಬಳಸಿ ಎಂಬ ಸಲಹೆಯನ್ನು ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಎಚ್. ಡಬ್ಲ್ಯೂ. ಫೌಲರ್, 1926ರ ತಮ್ಮ ಪದಬಳಕೆಯ ಕೋಶದಲ್ಲಿ. ಬರಹಗಾರರು ಹಾಗೆ ಮಾಡುತ್ತಿಲ್ಲ ಎಂಬುದನ್ನೂ ಅವರೇ ಒಪ್ಪಿಕೊಂಡಿದ್ದರು. ಆದ್ದರಿಂದ ಕಂಪ್ಯೂಟರಿನ ವ್ಯಾಕರಣ ಪರೀಕ್ಷಕ ನಿಮ್ಮ ‘ವಿಚ್’ ಕೆಳಗೆ ಗೆರೆ ಎಳೆದರೆ ಗಾಬರಿ ಬೇಡ. ಅದು ಶೈಲಿಯ ಸಲಹೆ, ತಪ್ಪಿನ ಪಟ್ಟಿಯಲ್ಲ.

ಇಷ್ಟನ್ನೂ ಒಮ್ಮೆಗೇ ತಿದ್ದಿಕೊಳ್ಳಲು ಹೊರಟರೆ ಬಾಯಿ ಕಟ್ಟಿಹೋಗುತ್ತದೆ. ಮೊದಲು ಹೆಚ್ಚುವರಿ ‘ಹಿಮ್’, ‘ಹಿಸ್’, ‘ಇಟ್’ಗಳನ್ನು ಕಿತ್ತುಹಾಕಿ. ಆಮೇಲೆ ‘ಅಂತ’ದ ಹಿಂದಿನ ‘ನಾನು’ವನ್ನು ನೋಡಿಕೊಳ್ಳಿ. ‘ಹೂಮ್’ ಕಡೆಗೆ ಬರಲಿ, ಬಾರದಿದ್ದರೂ ನಡೆಯುತ್ತದೆ. ಮಾತಿನಲ್ಲಿ ಅದನ್ನು ಬಿಟ್ಟು ‘ಹೂ’ ಎಂದರೆ ಇಂಗ್ಲಿಷ್ ಮನೆಮಾತಿನವರೂ ಗಮನಿಸುವುದಿಲ್ಲ, ಅವರೇ ಹಾಗೆ ಮಾತಾಡುತ್ತಾರೆ.